ಕಂಬಿ ತೆಗೆದ ಮೆಟ್ಟಿಲು

ಹತ್ತುವುದಕ್ಕೆ ನನಗೆ ಯಾವ ತೊಂದರೆಯೂ ಇರಲಿಲ್ಲ, ಇಳಿಯುವುದೇ ಆಗುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ಉಳಿದವರಿಗೆಲ್ಲ ಹತ್ತುವಾಗ ಏದುಸಿರು, ಇಳಿಯುವಾಗ ಸಲೀಸು. ನಗಲಿ ಬಿಡಿ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಹಾಗೇ ಕುಸಿದೆ. ಎಚ್ಚರವಾದಾಗ ಎಡಗೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಎಡಗಾಲು ಅರ್ಧ ಕೇಳುತ್ತದೆ. ಬಲಗೈಯೊಂದು ಗಟ್ಟಿ. ನಮ್ಮ ಮೆಟ್ಟಿಲು ಹತ್ತುವಾಗ ಗೋಡೆ ಬಲಕ್ಕೆ ಸಿಗುತ್ತದೆ, ಅಂಗೈ ಊರಿಕೊಂಡು ನಿಧಾನಕ್ಕೆ ಹತ್ತಬಹುದು. ಇಳಿಯುವಾಗ ಅದೇ ಗೋಡೆ ಎಡಕ್ಕೆ ಹೋಗುತ್ತದೆ. ಬಲಕ್ಕೆ ಏನಿದೆ? ಬರೀ ಗಾಳಿ. ಮೊದಲು ಅಲ್ಲೊಂದು ಕಬ್ಬಿಣದ ಕಂಬಿ ಇತ್ತು. ಅದನ್ನು ತೆಗೆದರು. ಅಲ್ಲಿಂದ ನಾಲ್ಕು ತಿಂಗಳು ಹನ್ನೊಂದು ದಿನ ನಾನು ನೆಲಕ್ಕೆ ಕಾಲಿಡಲಿಲ್ಲ.

ನಮ್ಮ ಮನೆ ಅಂದರೆ ಆಟದ ಮೈದಾನದ ಪೆವಿಲಿಯನ್ನಿನ ಮೇಲಿನ ಎರಡು ಕೋಣೆ. ನನ್ನ ಗಂಡ ಆ ಮೈದಾನ ನೋಡಿಕೊಳ್ಳುವವರು. ಹುಲ್ಲು ಕತ್ತರಿಸುವುದು, ರೋಲರ್ ಎಳೆಯುವುದು, ಸುಣ್ಣದ ಗೆರೆ ಹಾಕುವುದು, ಬೀಗ ತೆಗೆಯುವುದು, ಹಾಕುವುದು. ಮೂವತ್ತನಾಲ್ಕು ವರ್ಷದಿಂದ ಜನ ಅವರನ್ನು ಗ್ರೌಂಡಪ್ಪ ಅಂತಲೇ ಕರೆಯುವುದು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ. ಪೆವಿಲಿಯನ್ ದೊಡ್ಡದೇನಲ್ಲ. ಕೆಳಗೆ ಆಟಗಾರರು ಬಟ್ಟೆ ಬದಲಿಸುವ ಎರಡು ಕೋಣೆ, ಮುಂದೆ ಇನ್ನೂರು ಜನ ಕೂರಬಹುದಾದ ಕಾಂಕ್ರೀಟ್ ಸಾಲುಗಳು, ಅವುಗಳ ಮೇಲೆ ಒಂದೂ ಕಂಬವಿಲ್ಲದೆ ಮುಂದಕ್ಕೆ ಚಾಚಿದ ಅಂಗೈ ದಪ್ಪದ ಸೂರು. ಮೊದಲ ಸಲ ನೋಡಿದವರು ಅದರ ಕೆಳಗೆ ಕೂರಲು ಹೆದರುತ್ತಾರೆ. ಗೋಡೆಗಳಿಗೆ ಗಾರೆ ಇಲ್ಲ, ಬಣ್ಣವಿಲ್ಲ. ಕಾಂಕ್ರೀಟು ಸುರಿಯುವಾಗ ಕಟ್ಟಿದ್ದ ಹಲಗೆಯ ಗೆರೆಗಳು ಹಾಗೇ ಅಚ್ಚಾಗಿ ಉಳಿದಿವೆ.

ಬಲತುದಿಯಲ್ಲಿ, ಹೊರಗಿನ ಗೋಡೆಗೆ, ನಮ್ಮ ಮನೆಗೆ ಹೋಗುವ ಹದಿನಾರು ಮೆಟ್ಟಿಲು. ಒಂದೊಂದೂ ಗೋಡೆಯೊಳಗಿಂದ ಹೊರಟು ಬಂದ ಕಾಂಕ್ರೀಟಿನ ನಾಲಿಗೆ. ಕೆಳಗೆ ಆಸರೆಯಿಲ್ಲ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಬರೀ ಖಾಲಿ ಜಾಗ, ಅಗಲ ಒಬ್ಬರಿಗೆ ಸಾಕು. ಈ ಮೆಟ್ಟಿಲು ಅಂದರೆ ಕಟ್ಟಡ ಓದಿದವರಿಗೆ ಪ್ರಾಣ. ಎಲ್ಲೆಲ್ಲಿಂದಲೋ ಬರುತ್ತಾರೆ, ಕೆಳಗೆ ಮಲಗಿಕೊಂಡು ಫೋಟೋ ತೆಗೆಯುತ್ತಾರೆ. ಮೇಲೆ ಬಟ್ಟೆ ಒಣಗಹಾಕಿದ್ದರೆ, ಆಂಟಿ ಸ್ವಲ್ಪ ತೆಗೀತೀರಾ ಅನ್ನುತ್ತಾರೆ. ಬದುಕುವವರು ನಾವು, ತೆಗೆಯಬೇಕಾದವರೂ ನಾವೇ.

ಇದನ್ನು ಕಟ್ಟಿದ ಆರ್ಕಿಟೆಕ್ಟ್ ಮುದುಕರಾದ ಮೇಲೂ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ನಮ್ಮ ಮಗಳು ತಪ್ಪುಹೆಜ್ಜೆ ಇಡಲು ಶುರುಮಾಡಿದ ವಾರವೇ ನನ್ನ ಗಂಡ ಮೆಟ್ಟಿಲ ತೆರೆದ ಬದಿಗೆ ಕಂಬಿ ಕೂರಿಸಿದ್ದರು. ಅದನ್ನು ನೋಡಿ ಮುದುಕರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಏನಿದು ಗ್ರೌಂಡಪ್ಪ, ನನ್ನ ಮೆಟ್ಟಿಲಿಗೆ ನಲ್ಲಿ ಪೈಪ್ ಸಿಕ್ಕಿಸಿಬಿಟ್ಟಿದ್ದೀಯಲ್ಲ!"

"ಮಗು ನಡೀತಿದೆ ಸಾರ್."

 ಮುದುಕರು ಮೇಲೆ ಬಂದು ನನ್ನ ಕೈಯಿಂದ ಚಹಾ ಕುಡಿದರು. ಇಳಿಯುವಾಗ ಮೊದಲ ಮೆಟ್ಟಿಲಿನಿಂದ ಕೊನೆಯ ಮೆಟ್ಟಿಲಿನ ತನಕ ಆ ನಲ್ಲಿ ಪೈಪನ್ನೇ ಹಿಡಿದುಕೊಂಡು ಇಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ, ಕಣ್ಣಾರೆ ಕಂಡಿದ್ದೇನೆ. ಆದರೆ ಅದು ಯಾವ ಪುಸ್ತಕದಲ್ಲೂ ಇಲ್ಲ.

ಹೋದ ವರ್ಷ ಪೆವಿಲಿಯನ್ ಕೆಡವಿ ವಾಹನ ನಿಲ್ಲಿಸುವ ಜಾಗ ಮಾಡುತ್ತಾರೆ ಅಂತ ಸುದ್ದಿ ಬಂತು. ನನ್ನ ಗಂಡ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದರು. ಹಳೇ ಆಟಗಾರರು, ಬೆಳಿಗ್ಗೆ ನಡೆಯಲು ಬರುವವರು, ಕಾಲೇಜಿನ ಮೇಷ್ಟ್ರುಗಳು, ಯಾರನ್ನೂ ಬಿಡದೆ ಸಹಿ ಹಾಕಿಸಿಕೊಂಡರು. ಕೊನೆಗೆ ಪಾರಂಪರಿಕ ಕಟ್ಟಡಗಳ ಕಚೇರಿಯಿಂದ ಒಬ್ಬ ಮೇಡಂ ಬಂದು, ಉಳಿಸೋಣ, ಆದರೆ ಇಂಚಿಂಚೂ ದಾಖಲೆ ಬೇಕು ಅಂತ ದಪ್ಪನೆಯ ಒಂದು ಅರ್ಜಿ ಪುಸ್ತಕ ಕೊಟ್ಟು ಹೋದರು. ಮೂರು ವಾರ ನಾವಿಬ್ಬರೂ ಅಳತೆ ಪಟ್ಟಿ ಹಿಡಿದು ಅಲೆದೆವು. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಬಲಗೈಯಲ್ಲಿ. ಕಿಟಕಿ, ಬಾಗಿಲು, ಕೊಕ್ಕೆ, ಚಿಲಕ, ಸ್ನಾನದ ಮನೆಯ ಜಾಲರಿ, ಎಲ್ಲಾ. ಅವರ ಅಕ್ಷರ ಮುತ್ತಿನಂಥದ್ದು. ಬರೆದು ಬರೆದು ಊಟದ ಹೊತ್ತಿಗೆ ನನಗೆ ಓದಿ ಹೇಳುತ್ತಿದ್ದರು. ಪೆವಿಲಿಯನ್ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿತು ಅಂತ ಕಾಗದ ಬಂದ ದಿನ ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಸಂತೋಷಕ್ಕೇ ಅತ್ತೆ.

ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನಾಲ್ಕು ಜನ ಕೆಲಸದವರು ಬಂದರು. ನಾನು ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಟಣ್ ಟಣ್ ಅಂತ ಸದ್ದು. ಎದ್ದು ಬಾಗಿಲಿಗೆ ಬರುವ ಹೊತ್ತಿಗೆ ಕಂಬಿ ಕೆಳಗೆ ಹುಲ್ಲಿನ ಮೇಲೆ ಮಲಗಿತ್ತು. ನನ್ನ ಗಂಡ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

"ರೀ, ಇದೇನ್ರೀ? ಯಾರು ಹೇಳಿದ್ದು ತೆಗೆಯೋಕೆ?"

"ಕಚೇರಿಯವರು ಕಣೇ. ಮೊದಲು ಹೇಗಿತ್ತೋ ಹಾಗೆ ಮಾಡಬೇಕಂತೆ."

"ನಾನು ಹೇಗೆ ಇಳೀಲಿ?"

"ಏನಾದ್ರೂ ಮಾಡೋಣ ಬಿಡು."

ಮಾಡಿದೆವು. ಅವರು ಮುಂದೆ, ನಾನು ಹಿಂದೆ, ನನ್ನ ಬಲಗೈ ಅವರ ಹೆಗಲ ಮೇಲೆ. ರೋಲರ್ ಎಳೆದೆಳೆದು ಅವರ ಮಂಡಿಯೂ ಹೋಗಿದೆ. ಎರಡನೇ ಮೆಟ್ಟಿಲಲ್ಲಿ ಇಬ್ಬರೂ ಒಟ್ಟಿಗೆ ಓಲಾಡಿ, ವಾಪಸು ಹತ್ತಿದೆವು. ಕೂತುಕೊಂಡು ಜಾರಿ ನೋಡಿದೆ. ಮೂರನೆಯದರಲ್ಲಿ ಎಡಗಾಲು ಸಂದಿಯೊಳಗೆ ಇಳಿದು ಸಿಕ್ಕಿಕೊಂಡಿತು, ಬಿಡಿಸಲು ಅರ್ಧ ಗಂಟೆ. ನಮ್ಮ ಮಗಳು ಪಟ್ಟಣದ ಇನ್ನೊಂದು ತುದಿಯಲ್ಲಿ ಕಟ್ಟಿಸುವ ಹಲ್ಲು ತಯಾರಿಸುವ ಕೆಲಸ ಮಾಡುತ್ತಾಳೆ, ನೆಲದ ಮಟ್ಟದಲ್ಲೇ ಮನೆ. ಸುದ್ದಿ ತಿಳಿದವಳೇ ಆಸ್ಪತ್ರೆಯಿಂದ ಇಬ್ಬರು ಗಟ್ಟಿಗರನ್ನು, ರೋಗಿಗಳನ್ನು ಹೊರುವ ಒಂದು ಕುರ್ಚಿಯ ಸಮೇತ, ಕರೆತಂದಳು. ಅವರು ಮೆಟ್ಟಿಲನ್ನು ಮೇಲಿಂದ ನೋಡಿದರು, ಕೆಳಗಿಂದ ನೋಡಿದರು.

"ಹಿಡಿಯೋಕೆ ಏನೂ ಇಲ್ವಲ್ಲಮ್ಮಾ. ಒಬ್ರ ಕಾಲು ಜಾರಿದ್ರೂ ಮೂವರೂ ಹೋಗ್ತೀವಿ," ಅಂತ ಹೇಳಿ ಕುರ್ಚಿ ಮಡಚಿಕೊಂಡು ಹೊರಟೇ ಹೋದರು.

ಆವತ್ತು ಮಗಳು ಅಪ್ಪನ ಮೇಲೆ ಹರಿಹಾಯ್ದಳು. ಅವರು ತಲೆ ತಗ್ಗಿಸಿಕೊಂಡು, ಕಂಬಿ ವಾಪಸು ಹಾಕಿಸಲು ಅರ್ಜಿ ಬರೆದಿದ್ದೇನೆ ಅಂದರು. ಬರೆದಿದ್ದರು, ಸುಳ್ಳಲ್ಲ. ಆ ಅರ್ಜಿಯ ಪ್ರತಿ ಹುಡುಕುತ್ತಾ ಅವಳು ಕಪಾಟು ತೆರೆದಾಗ ದಾಖಲೆ ಪುಸ್ತಕದ ಪ್ರತಿಯೂ ಸಿಕ್ಕಿತು. ನಲವತ್ತೊಂದನೇ ಪುಟ, 'ನಂತರ ಸೇರಿಸಿದವು' ಅನ್ನುವ ತಲೆಬರಹ. ಮುತ್ತಿನಂಥ ಅಕ್ಷರದಲ್ಲಿ ಮೊದಲ ಸಾಲು: ಮೆಟ್ಟಿಲಿನ ಕಂಬಿ. ಕೂರಿಸಿದವರು: ಮೈದಾನದ ಮೇಲ್ವಿಚಾರಕರು. ಹದಿನಾರು ಬೋಲ್ಟುಗಳು. ಕಾಂಕ್ರೀಟಿಗೆ ಕೂದಲೆಳೆಯಷ್ಟೂ ಧಕ್ಕೆಯಾಗದಂತೆ ಕಳಚಿ ತೆಗೆಯಬಹುದು.

ಮಗಳು ಅದನ್ನು ನನ್ನ ಮುಂದೆ ಹಿಡಿದಳು. ನಾನು ಎರಡು ಸಲ ಓದಿದೆ. ಈ ಒಂದು ಪುಟವನ್ನು ಅವರು ಊಟದ ಹೊತ್ತಿಗೆ ನನಗೆ ಓದಿ ಹೇಳಿರಲಿಲ್ಲ.

"ರೀ, ಇದನ್ನ ನೀವೇ ಬರೆದ್ರಾ?"

"ಕೇಳಿದ್ರು, ಇದ್ದದ್ದು ಬರೆದೆ. ಸುಳ್ಳು ಬರೆಯೋಕಾಗುತ್ತಾ?"

"ಬರೆಯೋದು ಬರೆದ್ರಿ. ಕೂದಲೆಳೆಯಷ್ಟೂ ಧಕ್ಕೆಯಾಗದಂತೆ ಅಂತ ದಾರಿ ಬೇರೆ ತೋರಿಸಬೇಕಾಗಿತ್ತಾ?"

ಅವರ ಮುಖದಲ್ಲಿ ಬಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ನಾಚಿಕೆ ಅಂದುಕೊಂಡಿರಾ? ಅಲ್ಲ. ಒಂದು ಚೂರು ಹೆಮ್ಮೆ. "ಅಷ್ಟು ನೀಟಾಗಿ ಕೂರಿಸಿದ್ದೆ ಕಣೇ, ಆ ಮೇಡಮ್ಮೇ ಶಭಾಷ್ ಅಂದ್ರು," ಅಂದುಬಿಟ್ಟರು. ನನ್ನ ಮೈಯೆಲ್ಲಾ ಉರಿದುಹೋಯಿತು. ಕೆಲಸ ಚೆನ್ನಾಗಿ ಮಾಡುವ ಗಂಡಸಿನ ಜೊತೆ ಬಾಳುವ ಕಷ್ಟ ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಕುಡುಕನಾಗಿದ್ದರೆ ನಾಲ್ಕು ಜನ ಅಯ್ಯೋ ಅನ್ನುತ್ತಿದ್ದರು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಅವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು, ಅದೇ ನನಗೆ ಉಸಿರು ಕಟ್ಟಿಸಿದ್ದು. ತರಕಾರಿ ಮೇಲೆ ಬಂತು, ಮಾತ್ರೆ ಮೇಲೆ ಬಂತು, ಡಾಕ್ಟರೂ ಮೇಲೆ ಬಂದರು, ಕೂದಲು ಕತ್ತರಿಸುವವಳೂ ಬಂದಳು. ನಾನೊಬ್ಬಳೇ ಎಲ್ಲಿಗೂ ಹೋಗಲಿಲ್ಲ. ಆ ಆರ್ಕಿಟೆಕ್ಟ್ ಮುದುಕರು ಮನೆಯ ಕಿಟಕಿಯನ್ನು ಗೋಡೆಯುದ್ದಕ್ಕೂ ಒಂದು ಸೀಳಿನ ಹಾಗೆ ಇಟ್ಟಿದ್ದಾರೆ, ನಿಂತವರ ಕಣ್ಣಿನ ಎತ್ತರಕ್ಕೆ ಸರಿಯಾಗಿ. ನಿಂತರೆ ಇಡೀ ಮೈದಾನ ಕಾಣುತ್ತದೆ. ಕೂತರೆ ಆಕಾಶ, ಅಷ್ಟೇ. ನನಗೆ ನಿಲ್ಲಲು ಆಗುವುದು ಹತ್ತು ನಿಮಿಷ. ದಿನಕ್ಕೆ ಮೂರು ಸಲ ನಿಂತು, ಅರ್ಧ ಗಂಟೆ ಲೋಕ ನೋಡಿ, ಮಿಕ್ಕ ಹೊತ್ತೆಲ್ಲ ಆಕಾಶ ನೋಡಿದೆ. ನಾಲ್ಕು ತಿಂಗಳು ಆಕಾಶ ನೋಡಿದವಳಿಗೆ ಅದರ ಮೇಲೆ ಯಾವ ಪ್ರೀತಿಯೂ ಉಳಿಯುವುದಿಲ್ಲ. ನನಗೆ ಬೇಕಾಗಿದ್ದು ನೆಲ. ಬರಿಗಾಲಲ್ಲಿ ಒಂದು ಸುತ್ತು ಹುಲ್ಲಿನ ಮೇಲೆ ನಡೆಯಬೇಕು, ಗೇಟು ದಾಟಬೇಕು, ಅಂಗಡಿಯವನ ಹತ್ತಿರ ಸೋಪಿನ ಬಣ್ಣದ ಬಗ್ಗೆ ಜಗಳವಾಡಬೇಕು. ಇಷ್ಟೇ. ರಾತ್ರಿ ಕನಸಿನಲ್ಲೂ ನಾನು ಇಳಿಯುತ್ತಿದ್ದೆ.

ಮೂರನೇ ತಿಂಗಳ ಕೊನೆಗೆ ಕಚೇರಿಯಿಂದ ಉತ್ತರ ಬಂತು. ಕಂಬಿಯ ಬಗ್ಗೆ ಸಮಿತಿ ತೀರ್ಮಾನಿಸಬೇಕಾದರೆ ಅಲ್ಲಿ ವಾಸಿಸುವ ಮೇಲ್ವಿಚಾರಕರ ಲಿಖಿತ ಅಭಿಪ್ರಾಯ ಬೇಕಂತೆ: ಕಂಬಿ ಅತ್ಯಗತ್ಯವೇ? ನನ್ನ ಎದೆ ಹಗುರವಾಯಿತು. ಹೌದು ಅಂತ ಒಂದು ಪದ ಬರೆದರೆ ಮುಗಿಯಿತು. ಅವರು ಎರಡು ದಿನ ಪೆನ್ನು ಹಿಡಿದು ಕೂತರು. ಮೂರನೇ ದಿನ ಅವರು ಹುಲ್ಲಿಗೆ ನೀರು ಬಿಡಲು ಕೆಳಗೆ ಹೋದಾಗ ಮೇಜಿನ ಮೇಲಿದ್ದ ಕಾಗದ ಓದಿದೆ. 'ನಮ್ಮ ಕುಟುಂಬ ಸದ್ಯಕ್ಕೆ ಹೊಂದಿಕೊಂಡಿದೆ. ಉದ್ಘಾಟನೆ ಕಳೆದ ನಂತರ ಪರಿಶೀಲಿಸಬಹುದು.'

ಅವರು ಮೇಲೆ ಬರುವ ತನಕ ಆ ಕಾಗದ ಕೈಯಲ್ಲೇ ಹಿಡಿದುಕೊಂಡಿದ್ದೆ.

"ಯಾರ್ರೀ ಹೊಂದಿಕೊಂಡಿರೋದು?"

"ಒಂದು ತಿಂಗಳು ಕಣೇ. ಅವತ್ತು ಪಾರಂಪರಿಕ ಕಟ್ಟಡ ಅಂತ ಉದ್ಘಾಟನೆ ಮಾಡೋಕೆ ದೊಡ್ಡ ದೊಡ್ಡೋರು ಬರ್ತಾರೆ, ಪುಸ್ತಕಕ್ಕೆ ಫೋಟೋ ತೆಗೀತಾರೆ. ಮೆಟ್ಟಿಲು ಮೊದಲು ಹೇಗಿತ್ತು ಅನ್ನೋದೇ ನಂಗೆ ಮರೆತುಹೋಗಿತ್ತು, ಗೊತ್ತಾ? ಬಂದ ಎರಡೇ ವರ್ಷಕ್ಕೆ ನಾನೇ ಕಂಬಿ ಹಾಕಿದೆ. ಈಗ ಕೆಳಗೆ ನಿಂತು ನೋಡಿದ್ರೆ... ಎಷ್ಟು ಚೆನ್ನಾಗಿದೆ ಅಂತೀಯ."

"ಕೆಳಗೆ ನಿಂತು ನೋಡೋ ಭಾಗ್ಯ ನನಗೆಲ್ಲಿದೆ?"

ಅವರು ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಮಾರನೇ ದಿನ ಅದು ಅಂಚೆಗೆ ಹೋಯಿತು. ಫೋಟೋಗೆ ಅಡ್ಡವಾಗಿದ್ದದ್ದು ಕಂಬಿಯಲ್ಲ, ನಾನು ಅಂತ ನನಗೆ ಆವತ್ತು ಗೊತ್ತಾಯಿತು. ನಾನು ಆ ರಾತ್ರಿ ಊಟ ಮಾಡಲಿಲ್ಲ. ಅವರು ಎರಡು ಸಲ ಕರೆದು, ಆಮೇಲೆ ತಾವೊಬ್ಬರೇ ತಿಂದರು.

ಆ ವಾರ ಗೋಡೆ ತೊಳೆಯುವವನು ಏಣಿ ತಂದ. ನಾನು ನನ್ನ ಹತ್ತು ನಿಮಿಷ ನಿಂತಿದ್ದಾಗ ಅವನ ಮುಖ ಕಿಟಕಿಯ ಸೀಳಿನಲ್ಲಿ ನನ್ನ ಮುಖದ ಎದುರಿಗೇ ಬಂತು. ಇಬ್ಬರೂ ಬೆಚ್ಚಿದೆವು, ನಕ್ಕೆವು. ಬಕೆಟ್ಟು ಖಾಲಿಯಾಯಿತು ಅಂತ ಅವನು ಇಳಿಯಲು ಶುರುಮಾಡಿದ. ನನ್ನನ್ನೇ ನೋಡುತ್ತಾ, ಮುಖ ಗೋಡೆ ಕಡೆಗೇ ಇಟ್ಟುಕೊಂಡು, ಹಿಮ್ಮುಖವಾಗಿ, ಒಂದೊಂದೇ ಕಾಲು ಕೆಳಗೆ ಬಿಡುತ್ತಾ. ಮೂಗು ಹೋಯಿತು, ಹಣೆ ಹೋಯಿತು, ತಲೆಗೆ ಕಟ್ಟಿದ್ದ ಬಟ್ಟೆ ಹೋಯಿತು. ಏಣಿ ಇಳಿಯುವವರು ಯಾರೂ ಅದಕ್ಕೆ ಬೆನ್ನು ತಿರುಗಿಸಿ ಇಳಿಯುವುದಿಲ್ಲ. ಅಯ್ಯೋ ನನ್ನ ಮಂಕುಬುದ್ಧಿಯೇ! ಮೂರು ತಿಂಗಳು ದಾಟಿತ್ತು, ನಾನು ತಿರುಗಿ ನಿಂತು ನೋಡಿರಲಿಲ್ಲ. ಹತ್ತುವವಳ ಹಾಗೆ ನಿಂತರೆ ಗೋಡೆ ಬಲಕ್ಕೇ ಇರುತ್ತದೆ. ಹಾಗೆಯೇ ನಿಂತು ಹಿಂದಕ್ಕೆ ಇಳಿದರಾಯಿತು.

ಅವರು ಮೈದಾನದ ಆ ತುದಿಯಲ್ಲಿ ಗೆರೆ ಹಾಕುತ್ತಿದ್ದಾಗ ಅಭ್ಯಾಸ ಶುರುಮಾಡಿದೆ. ಮೊದಲ ದಿನ ಒಂದು ಮೆಟ್ಟಿಲು ಕೆಳಗೆ, ವಾಪಸು ಮೇಲೆ. ಎಡಗಾಲಿಗೆ ಮೆಟ್ಟಿಲು ಸಿಕ್ಕಿತೋ ಇಲ್ಲವೋ ತಿಳಿಯಲು ಒಂದು ಗಳಿಗೆ ಬೇಕು.  ಎರಡನೇ ವಾರ ನಾಲ್ಕು ಮೆಟ್ಟಿಲಾಯಿತು. ಅವರಿಗೆ ಹೇಳಲಿಲ್ಲ. ಯಾಕೆ ಹೇಳಬೇಕು? ಮಗಳಿಗೆ ಮಾತ್ರ ಫೋನ್ ಮಾಡಿ, ಉದ್ಘಾಟನೆ ದಿನ ನಿನ್ನ ವ್ಯಾನ್ ತೆಗೆದುಕೊಂಡು ಬಾ ಅಂದೆ.

ಅವತ್ತು ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ನೀನು ಒಳಗೇ ಇರು, ಅವರೆಲ್ಲ ಹೋದ್ಮೇಲೆ ತಿಂಡಿ ತರ್ತೀನಿ," ಅಂತ ಹೇಳಿ ಇಳಿದರು. ಐವತ್ತು ಜನರಿದ್ದರೇನೋ. ಬಾಗಿಲ ಸಂದಿಯಿಂದ ಮೇಡಂ ಮಾತು ಕೇಳುತ್ತಿತ್ತು: "ನೋಡಿ, ಗೋಡೆ ಮತ್ತು ಗಾಳಿ, ಇವೆರಡೇ. ಇನ್ನೇನೂ ಇಲ್ಲ."

ನಾನು ಚಪ್ಪಲಿ ಬಿಟ್ಟು ಬಾಗಿಲು ತೆರೆದೆ. ಜನರಿಗೆ ಬೆನ್ನು ತಿರುಗಿಸಿದೆ. ಬಲ ಅಂಗೈ ಗೋಡೆಗೆ ಒತ್ತಿ, ಎಡಗಾಲು ಕೆಳಗೆ ಬಿಟ್ಟೆ.

"ಏ ಇವಳೇ! ಏನ್ಮಾಡ್ತಿದ್ದೀಯಾ? ನಿಲ್ಲು!" ಅಂತ ನನ್ನ ಗಂಡನ ಕೂಗು.

"ಅಪ್ಪಾ, ಸುಮ್ನಿರಿ. ಯಾರೂ ಅಮ್ಮನ್ನ ಮಾತಾಡಿಸಬೇಡಿ," ಅಂತ ಮಗಳು.

ಆಮೇಲೆ ಕ್ಯಾಮೆರಾಗಳ ಕಿಟಿಕಿಟಿ ಬಿಟ್ಟರೆ ಇನ್ನೇನೂ ಕೇಳಲಿಲ್ಲ. ಆರನೇ ಮೆಟ್ಟಿಲಿನಲ್ಲಿ ಒಂದು ಗಳಿಗೆ ಸುಧಾರಿಸಿಕೊಂಡೆ. ಒಂಬತ್ತರಲ್ಲಿ ಎಡಗಾಲು ಸಂದಿಯ ಅಂಚಿಗೆ ಬಂತು; ಎಳೆದುಕೊಂಡೆ, ಮತ್ತೆ ಇಟ್ಟೆ. ಗೋಡೆಯ ಒರಟಿಗೆ ಅಂಗೈ ತರಚಿ ಉರಿಯುತ್ತಿತ್ತು. ಬಿದ್ದರೆ ಬಿದ್ದೆ, ನೆಲಕ್ಕೆ ತಾನೇ ಬೀಳುವುದು ಅಂದುಕೊಂಡೆ. ಹದಿನಾಲ್ಕು. ಹದಿನೈದು. ಹದಿನಾರು. ಅದಾದ ಮೇಲೆ ಕಾಲಿಗೆ ತಣ್ಣಗೆ ಹುಲ್ಲು ಸಿಕ್ಕಿತು. ಅಲ್ಲೇ ಕೂತು, ಯಾರಿದ್ದಾರೆ ಯಾರಿಲ್ಲ ಅಂತ ನೋಡದೆ, ಗೊಳೋ ಅಂತ ಅತ್ತೆ.

ಜನ ಚಪ್ಪಾಳೆ ತಟ್ಟಿದರು. ನಿಜವಾಗಿಯೂ ತಟ್ಟಿದರು. ಮೇಡಂ ಕಣ್ಣೊರೆಸಿಕೊಂಡು ಬಂದು ನನ್ನ ಹೆಗಲು ಹಿಡಿದುಕೊಂಡರು.

"ಅಮ್ಮಾ, ಎಂಥಾ ಧೈರ್ಯ ನಿಮ್ದು! ನೋಡಿ, ಇಳಿಯೋಕೆ ಆಗುತ್ತಲ್ಲ. ಸಮಿತೀಲಿ ನಾನೇ ಹೇಳ್ತೀನಿ, ಇವರಿಗೆ ಕಂಬಿಯೇ ಬೇಕಾಗಿಲ್ಲ ಅಂತ."

ನಾನು ಮೇಡಂ ಮುಖ ನೋಡಲಿಲ್ಲ. ನನ್ನ ಗಂಡನ ಮುಖ ನೋಡಿದೆ. ಈಗ ಬಾಯಿ ಬಿಡಬೇಕಾದವರು ಅವರು. ನನ್ನ ಅಂಗೈ ಅವರಿಗೆ ಕಾಣುವ ಹಾಗೆ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕಾದೆ. ಅವರ ಮುಖ ಅರಳಿತ್ತು. ಎಷ್ಟೋ ದಿನದ ಹೊರೆ ಇಳಿದವರ ಮುಖ.

"ಹೌದು ಮೇಡಂ," ಅಂದರು. "ನಂಗೂ ಅದೇ ಅನ್ನಿಸ್ತು."

ಮಗಳು ಏನೋ ಕಿರುಚಲು ಹೊರಟಳು. ನಾನು ಬೇಡ ಅಂದೆ. ಅವಳ ಭುಜ ಹಿಡಿದು ಹುಲ್ಲಿನ ಮೇಲೆ ನಿಧಾನಕ್ಕೆ ನಡೆದು ವ್ಯಾನಿನ ತನಕ ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಅವರು ಮೆಟ್ಟಿಲು ಹತ್ತಿ ಹೋಗಿ ನನ್ನ ಚಪ್ಪಲಿ ತಂದರು. ಕುಂಟುವ ಮಂಡಿ ಊರಿ ನೆಲಕ್ಕೆ ಕೂತು, ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚಪ್ಪಲಿಯೊಳಗೆ ಸೇರಿಸಿದರು. ಅಷ್ಟು ಮೆತ್ತಗೆ ನನ್ನ ತಾಯಿಯೂ ನನ್ನನ್ನು ಮುಟ್ಟಿರಲಿಲ್ಲ.

"ಎಷ್ಟು ದಿನಕ್ಕೆ ಹೋಗ್ತೀಯಾ?"

"ನೀವೂ ಬನ್ನಿ," ಅಂದೆ. "ಈಗಲೇ. ಹೀಗೇ ಹತ್ತಿ ಕೂತ್ಕೊಳ್ಳಿ. ಇಷ್ಟು ವರ್ಷದಲ್ಲಿ ನಾನು ನಿಮ್ಮನ್ನ ಏನೂ ಕೇಳಿಲ್ಲ."

ಅವರು ನನ್ನ ಕಾಲು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದರು. ಬರುತ್ತಾರೆ ಅನ್ನಿಸಿತು. ಖಂಡಿತ ಬರುತ್ತಾರೆ ಅನ್ನಿಸಿತು. ಅಷ್ಟರಲ್ಲಿ ಅವರ ಕಣ್ಣು ನನ್ನನ್ನು ದಾಟಿ ಹೋಯಿತು.

"ಒಂದ್ನಿಮಿಷ ಇರು ಕಣೇ," ಅಂತ ಎದ್ದರು. "ಅಲ್ನೋಡು, ಅವನ್ಯಾರೋ ಗೋಡೆಗೆ ಶೂ ಇಟ್ಟು ಒರಗಿಕೊಂಡಿದ್ದಾನೆ."

ಓಡಿದರು. ಆ ಮಂಡಿಯಲ್ಲಿ ಅಷ್ಟು ಜೋರಾಗಿ ಓಡಬಲ್ಲರು ಅಂತ ನನಗೆ ಗೊತ್ತೇ ಇರಲಿಲ್ಲ.

"ಕಾಯೋಣ್ವಾ ಅಮ್ಮ?" ಅಂದಳು ಮಗಳು.

"ಹೊರಡೇ," ಅಂದೆ.